ಸಾಲು ನೂರಾ ನಲವತ್ತು

ನಾಲ್ಕು ಕಿಲೋ ಇತ್ತು. ಗುಜರಿಯವನು ತೂಗಿಯೇ ಕೊಟ್ಟ,
ಹೈಸ್ಕೂಲಿನ ಮುರಿದ ಬೆಂಚು, ಸೀಳಿದ ಗಂಟೆಯ ಜೊತೆ.
ಎಂಬತ್ತೇಳರ ಕಂಪ್ಯೂಟರು.
ಮಣ್ಣಿನ ಬಣ್ಣಕ್ಕೆ ತಿರುಗಿದ ಮೈ,
ಮೇಲುಸಾಲಿನಲ್ಲಿ ಹತ್ತು ಕೆಂಪು ಗುಂಡಿ,
ಸಂದಿಯಲ್ಲಿ ಗಟ್ಟಿಯಾದ ಕುಂಕುಮ.
ವರ್ಷಕ್ಕೊಂದು ಆಯುಧಪೂಜೆ, ಇದಕ್ಕೂ ಒಂದು ನಿಂಬೆಹಣ್ಣು;
ಉಳಿದ ದಿನ ಬೀರು, ಬೀಗ,
ಕ್ರೋಷಾ ಹೆಣೆದ ಹೊದಿಕೆ.

ನಾವು ಕಿಟಕಿಯಿಂದ ನೋಡಿದವರು.
ಹೆಡ್ಮಾಸ್ಟರು ಬಾಗಿಲಲ್ಲಿ ನಿಂತು ಕೈ ಮೂಸುತ್ತಿದ್ದರು.
ರೀಲರ್ ಮಕ್ಕಳ ಕೈ,
ಬೆಳಗಿನ ಜಾವ ಕುದಿವ ಬಾನಿಯಲ್ಲಿ
ಗೂಡಿನ ಎಳೆ ಹುಡುಕಿ ಬಂದ ಕೈ,
ಕೆಂಪು ಸೋಪು ಸವೆಸಿದರೂ ಬೆಂದ ಹುಳ ಬೆರಳಲ್ಲೇ.
"ತೊಳ್ಕೊಂಡು ಬಾ" ಅನ್ನುತ್ತಿದ್ದರು.
ತೊಳೆದು ಬರುವಷ್ಟರಲ್ಲಿ ಪೀರಿಯಡ್ಡು ಮುಗಿದಿರುತ್ತಿತ್ತು,
ಮೂರು ವರ್ಷ.

ಈಗ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಹಿಂದೆ ನನ್ನದೇ ಅಂಗಡಿ.
ಮಿಕ್ಸಿ, ಮೊಬೈಲು, ಸುಳ್ಳು ಹೇಳುವ ತಕ್ಕಡಿ.
"ಷಂಷಾದಕ್ಕಾ, ಈ ಪೀಡೆ ಯಾಕೆ ತಂದ್ರಿ?" ಅಂತಾನೆ ಕೆಲಸದ ಹುಡುಗ ಬೈರೇಶ.
ಪ್ಲಗ್ಗು ಹಾಕಿದೆ. ಪರದೆ ಬೆಳಗುವ ಮೊದಲೇ
ಟಪ್ ಅಂತು ಒಳಗೆ. ಬೆಳ್ಳಗೆ ಹೊಗೆ,
ಮೀನು ಸೀದ ವಾಸನೆ.
ಬೈರೇಶ ಮಿಷನ್ನಿಗೆ ಕೈ ಮುಗಿದ.

ರಾತ್ರಿ ಫೋನಿನಲ್ಲಿ ಹುಡುಕಿದರೆ, ಅಯ್ಯೋ,
ಪೋಲೆಂಡಿನ ಯಾವುದೋ ಊರಿನ ಟ್ರಾಮ್ ಮೆಕ್ಯಾನಿಕ್ಕು
ಯಾವತ್ತೋ ಬರೆದಿಟ್ಟಿದ್ದಾನೆ:
ಸ್ವಿಚ್ಚು ಒತ್ತುವ ಮೊದಲು ಆ ಎರಡು ಹಳದಿ ಕೆಪಾಸಿಟರ್
ಕಿತ್ತು ಬಿಸಾಡಿ, ಸಿಡಿಯುತ್ತವೆ.
ಕೆಳಗೆ ಸರ್ಕ್ಯೂಟಿನ ನಕ್ಷೆ. ಸ್ಕ್ಯಾನ್ ಮಾಡಿದ ಇಡೀ ಕೈಪಿಡಿ,
ನಲವತ್ತನೇ ಪುಟದ ಅಂಚಿನಲ್ಲಿ ಅವನದೇ ಹೆಬ್ಬೆರಳು.
ಉಗುರಲ್ಲಿ ಗ್ರೀಸು.
ಅವನ ಕೈ ಯಾರೂ ಮೂಸಿರಲಿಕ್ಕಿಲ್ಲ.

ಕೆಪಾಸಿಟರ್ ಚಿಂತಾಮಣಿಯಲ್ಲಿ ಸಿಕ್ಕಿತು, ಒಂದಕ್ಕೆ ಆರು ರೂಪಾಯಿ.
ಬಸ್ಸು ಹೆಂಗಸರಿಗೆ ಫ್ರೀ.

ಹೊದಿಕೆಯಲ್ಲಿ ಸುತ್ತಿಟ್ಟ ಕ್ಯಾಸೆಟ್ಟೊಂದಿತ್ತು.
ಹರಿಕಥೆ ಅಂತ ಅಚ್ಚಾದದ್ದನ್ನು ಗೀಚಿ
ಸೊಣ್ಣಪ್ಪ ಮೇಷ್ಟ್ರು ಬರೆದಿದ್ದರು: ಒಂಬತ್ತನೇ ಬಿ.
ನಮ್ಮ ಕ್ಲಾಸು.
ಹೆಡ್ಮಾಸ್ಟರ ಎದುರು ಒಂದು ದಿನವೂ ಬಾಯಿ ಬಿಡದ,
ಸೀಮೆಸುಣ್ಣ ಮುರಿದರೂ ಬೆಚ್ಚುತ್ತಿದ್ದ ಸೊಣ್ಣಪ್ಪ ಮೇಷ್ಟ್ರು.

ಟೇಪು ಓಡಿತು. ಮೊದಲು ದಾಸರ ಅರ್ಧ ಮಾತು, ತಾಳದ ಒಂದು ಚೂರು,
ಆಮೇಲೆ ಕೀರಲು,
ಎಣ್ಣೆ ಕಾಣದ ಚರಕದ ಹಾಗೆ, ಆರು ನಿಮಿಷ.
ನಡುವೆ ಎಳೆ ಕಡಿದರೆ ಮತ್ತೆ ಮೊದಲಿಂದ.
ಕಡಿಯಿತು. ಸುತ್ತಿದೆ. ಮತ್ತೆ ಕಡಿಯಿತು.
ಬೈರೇಶ ಮನೆಗೆ ಹೋದ.
ನನಗೆ ಇದು ಹೊಸ ಕೆಲಸವೇನಲ್ಲ.

ಹನ್ನೊಂದೂವರೆಗೆ ಕಪ್ಪು ಪರದೆಯ ಮೇಲೆ
ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ:
ನಿನ್ನ ಹೆಸರೇನು?
ಒತ್ತಿದೆ.
ಕೈ ತೊಳೆದೆಯಾ?

ಇವರೂ ಹಾಗೇನಾ, ಅನ್ನಿಸಿತು.
ಐವತ್ತು ದಾಟಿದ ನಾನು ಮತ್ತೆ ಕಿಟಕಿಯ ಹೊರಗೆ.
ಬೆರಳಲ್ಲಿ ಬೆಸುಗೆಯ ಮಸಿ, ಕೆದರಿದ ಕುಂಕುಮ.
ಇಲ್ಲ, ಅಂತ ಒತ್ತಿದೆ,
ಗುಂಡಿ ಒಡೆದರೆ ಒಡೆಯಲಿ ಅನ್ನುವ ಹಾಗೆ.

ತಪ್ಪು, ಅಂತು ಮಿಷನ್ನು. ಸಾಲು ನೂರಾ ನಲವತ್ತು.

ನನ್ನ ತಪ್ಪಲ್ಲ, ಅದರದ್ದು. ಬಿಚ್ಚಿ ನೋಡಿದೆ ಆ ಸಾಲು.
ಇಲ್ಲ ಅಂದವರಿಗೆ ಅದು ಹೇಳಬೇಕಾದದ್ದು:
ಪರವಾಗಿಲ್ಲ, ಕೂತ್ಕೋ.
ಹೇಳು ಅನ್ನುವ ಆಜ್ಞೆಯಲ್ಲೇ ಒಂದಕ್ಷರ ಬಿಟ್ಟಿದ್ದರು ಮೇಷ್ಟ್ರು.
ಯಾರಿಗೂ ಗೊತ್ತಾಗಲಿಲ್ಲ, ಹೇಗೆ ಗೊತ್ತಾಗಬೇಕು,
ಒಳಗೆ ಬಿಟ್ಟವರೆಲ್ಲ ಹೌದು ಅನ್ನುವವರು.

ಬಾಯಲ್ಲಿ ಹೇಳಿದ್ದರೆ ಸಾಕಿತ್ತು ಮೇಷ್ಟ್ರೇ,
ಒಂದೇ ಸಲ.

ಟೇಪಿನ ಸದ್ದು ಪೋಲೆಂಡಿಗೆ ಕಳಿಸಿದೆ. ಜೋಪಾನ ಮಾಡುತ್ತಾನಂತೆ,
ಅವನ ಹತ್ತಿರ ಇಂಥವು ಸಾವಿರಾರು.
ಯಾವ ಭಾಷೆ, ಕೇಳಿದ. ಹೇಳಿದೆ.
ತಪ್ಪು ತಿದ್ದಿ ಇಡಲೇ, ಕೇಳಿದ.
ಬೇಡ, ಇದ್ದ ಹಾಗೇ ಇಡು.

ಇಲ್ಲಿ ಮಾತ್ರ ಆ ಅಕ್ಷರ ಸೇರಿಸಿದ್ದೇನೆ.
ಕರೆಂಟು ಹೋದರೆ ಮಿಷನ್ನು ಮರೆಯುತ್ತದೆ,
ಮತ್ತೆ ಸೇರಿಸುತ್ತೇನೆ.
ದಿನಕ್ಕೆರಡು ಸಲ ಹೋಗುತ್ತದೆ ಇಲ್ಲಿ.